‘ಸಾರ್ಜೆಂಟ್ ಪೆಪರ್ಸ್’: ಮೋನೊ ತಗೊಳ್ಳೋದಾ, 2017ರ ರೀಮಿಕ್ಸಾ? ಮೋನೊ ಎಲ್‌ಪಿಯಲ್ಲಿ ಚಟಚಟ ಬೇರೆ

ಸೂಜಿಮೊನೆ:
ಬೀಟಲ್ಸ್‌ನವರ 1967ರ ಆಲ್ಬಂ ‘ಸಾರ್ಜೆಂಟ್ ಪೆಪರ್ಸ್’ ನಾಲ್ಕು ಥರ ಸಿಗ್ತಿದೆ: 2009ರ ಸ್ಟೀರಿಯೊ (ಎಡಬಲಕ್ಕೆ ಬೇರೆ ಬೇರೆ ಸದ್ದು) ಸಿಡಿ, 2012ರ ಸ್ಟೀರಿಯೊ ಎಲ್‌ಪಿ (ತಟ್ಟೆ ರೆಕಾರ್ಡ್), 2014ರ ಮೋನೊ (ಎರಡಕ್ಕೂ ಒಂದೇ ಸದ್ದು) ಎಲ್‌ಪಿ, 2017ರ ರೀಮಿಕ್ಸ್. ಅದೇ ಹಾಡುಗಳಿಗೆ ಇಷ್ಟು ಅವತಾರ ಯಾಕೆ? ದುಡ್ಡು ಹಾಕೋದಾದ್ರೆ ಯಾವುದಕ್ಕೆ?

ಇನ್ನೊಂದು ವಿಷಯ. ಮೋನೊ ಎಲ್‌ಪಿ ಎರವಲು ತಂದು ಎಟಿ-ವಿಎಂ95ಇ ಸ್ಟೀರಿಯೊ ಕಾರ್ಟ್ರಿಡ್ಜ್‌ನಲ್ಲಿ (ಪ್ಲೇಯರ್‌ನ ಸೂಜಿ ಇರೋ ಭಾಗ) ಹಾಕಿದೆ. ಹಾಡು ಸರಿಯಾಗಿ ನಡುವೆ ಕೇಳುತ್ತೆ, ಆದ್ರೆ ಎರಡು ಬದಿಯ ಸ್ಪೀಕರ್‌ಗಳಲ್ಲೂ ಬೇರೆ ಬೇರೆಯಾಗಿ ಚಟಚಟ. ರೆಕಾರ್ಡ್ ಕೆಟ್ಟಿದೆಯಾ?

ನಾಲ್ಕುಟ್ರ್ಯಾಕ್:
ರೀಮಾಸ್ಟರ್ ಬೇರೆ, ರೀಮಿಕ್ಸ್ ಬೇರೆ. ರೀಮಾಸ್ಟರ್ ಅಂದ್ರೆ ಆಗಲೇ ಮಿಕ್ಸ್ ಆಗಿ ಮುಗಿದ ಟೇಪನ್ನು ಮತ್ತೆ ವರ್ಗಾಯಿಸಿ ಹದ ಮಾಡೋದು. ರೀಮಿಕ್ಸ್ ಅಂದ್ರೆ ಅದಕ್ಕೂ ಹಿಂದಿನ, ವಾದ್ಯ-ದನಿ ಬೇರೆ ಬೇರೆ ಟ್ರ್ಯಾಕಿನಲ್ಲಿರೋ ಮಲ್ಟಿಟ್ರ್ಯಾಕ್ ಟೇಪಿಗೆ ಹೋಗಿ ಡ್ರಮ್ಸ್ ಎಷ್ಟಿರಬೇಕು, ದನಿ ಎಷ್ಟಿರಬೇಕು ಅಂತ ಹೊಸದಾಗಿ ತೂಗೋದು. ನೀವು ಹೇಳಿದ ಮೊದಲ ಮೂರೂ 1967ರದೇ ಮಿಕ್ಸ್‌ಗಳು. 2017ರದು ಮಾತ್ರ ಹೊಸ ಅಡುಗೆ.

ಈ ಗೋಜಲಿನ ಬೇರು ಇರೋದು ಆಲ್ಬಂ ರೆಕಾರ್ಡ್ ಮಾಡಿದ, ನಾಲ್ಕು ಟ್ರ್ಯಾಕಿನ ಸ್ಟೂಡರ್ ಜೆ37 ಟೇಪ್ ಮೆಷಿನ್‌ನಲ್ಲಿ. ನಾಲ್ಕೂ ಟ್ರ್ಯಾಕ್ ತುಂಬಿದ ಮೇಲೆ ಅವನ್ನು ಕಲಸಿ ಇನ್ನೊಂದು ಮೆಷಿನ್‌ನ ಒಂದೋ ಎರಡೋ ಟ್ರ್ಯಾಕಿಗೆ ಇಳಿಸ್ತಿದ್ದರು. ಉಳಿದ ಜಾಗದಲ್ಲಿ ಮುಂದಿನ ವಾದ್ಯ, ಮುಂದಿನ ದನಿ. ಹಾಗೆ ಇಳಿಸಿದಾಗಲೆಲ್ಲ ಟೇಪಿನ ಹಿಸ್ (‘ಸ್ಸ್’ ಅನ್ನೋ ಸದ್ದು) ಒಂದಿಷ್ಟು ಏರುತ್ತೆ. ಅದಕ್ಕಿಂತ ದೊಡ್ಡ ತೊಡಕು ಅಂದ್ರೆ, ಒಮ್ಮೆ ಕಲಸಿದ್ದನ್ನ ಆಮೇಲೆ ಬಿಡಿಸೋಕಾಗಲ್ಲ. ಡ್ರಮ್ಸ್, ಬಾಸ್, ಗಿಟಾರ್ ಒಂದೇ ಟ್ರ್ಯಾಕಿನಲ್ಲಿ ಅಂಟಿಕೊಂಡಿದ್ರೆ ಸ್ಟೀರಿಯೊದಲ್ಲಿ ಮೂರೂ ಒಟ್ಟಿಗೆ ಒಂದೇ ಕಡೆ ಹೋಗಬೇಕು. ಹಳೇ ಸ್ಟೀರಿಯೊವನ್ನ ಹೆಡ್‌ಫೋನ್‌ನಲ್ಲಿ ಕೇಳಿದಾಗ ತಾಳ ಒಂದು ಕಿವಿಗೆ, ಹಾಡು ಇನ್ನೊಂದು ಕಿವಿಗೆ ಬೀಳೋದು ಇದಕ್ಕೇ.

ಆಗ ಬ್ರಿಟನ್ನಿನ ಬಹುಪಾಲು ಮನೆಗಳಲ್ಲಿ ಇದ್ದದ್ದು ಮೋನೊ ಪ್ಲೇಯರ್. ಹಾಗಾಗಿ ಬ್ಯಾಂಡಿನವರು ಜೊತೆಗೆ ಕೂತು ಹದ ಮಾಡಿಸಿದ್ದು ಮೋನೊ ಮಿಕ್ಸ್‌ನ್ನೇ. ಸ್ಟೀರಿಯೊ ಮಿಕ್ಸ್ ಆಮೇಲೆ ಬೇಗಬೇಗ ಮುಗಿದ ಕೆಲಸ. 2017ರಲ್ಲಿ ಆಲ್ಬಂ ನಿರ್ಮಾಪಕ ಜಾರ್ಜ್ ಮಾರ್ಟಿನ್ ಮಗ ಗೈಲ್ಸ್ ಮಾರ್ಟಿನ್, ಎಂಜಿನಿಯರ್ ಸ್ಯಾಮ್ ಒಕೆಲ್ ಜೊತೆ ಸೇರಿ, ಕಲಸೋಕೆ ಮುಂಚಿನ ಟೇಪುಗಳನ್ನೇ ತೆಗೆದು ಒಂದಕ್ಕೊಂದು ಹೊಂದಿಸಿ, ಹಳೇ ಮೋನೊವನ್ನ ಮಾದರಿಯಾಗಿಟ್ಟುಕೊಂಡು ಸ್ಟೀರಿಯೊ ಮಾಡಿದರು. ಡ್ರಮ್ಸ್ ನಡುವಿಗೆ ಬಂತು, ಬಾಸ್‌ಗೆ ಮೈ ಬಂತು.

ಕೈಯಲ್ಲಿರೋದು ಯಾವ ಮಿಕ್ಸ್ ಅಂತ ತಿಳಿಯೋಕೆ ‘ಶೀಸ್ ಲೀವಿಂಗ್ ಹೋಮ್’ ಹಾಕಿ, ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಳ್ಳಿ. ಬಿಳಿ ಮೂರಕ್ಕೆ ಹೊಂದಿದ್ರೆ ಅದು 1967ರ ಸ್ಟೀರಿಯೊ. ಮೋನೊದಲ್ಲಿ ಟೇಪನ್ನು ಓಡಿಸಿದ ವೇಗವೇ ಜಾಸ್ತಿ, ಶ್ರುತಿ ಹತ್ತಿರ ಹತ್ತಿರ ಬಿಳಿ ನಾಲ್ಕಕ್ಕೆ ಏರುತ್ತೆ, ಹಾಡೂ ಅಷ್ಟು ಬೇಗ ಮುಗಿಯುತ್ತೆ. 2017ರ ರೀಮಿಕ್ಸ್ ಕೂಡ ಈ ಮೋನೊ ವೇಗದಲ್ಲೇ ಇದೆ. ಆಲ್ಬಂ ಹೆಸರಿನ ಹಾಡು ಎರಡನೇ ಸಲ ಬರುತ್ತಲ್ಲ, ಅದರ ಕೊನೆಯಲ್ಲಿ ಪಾಲ್ ಮೆಕಾರ್ಟ್ನಿ ಕೂಗೋದು ಮೋನೊದಲ್ಲಿ ಸ್ಪಷ್ಟವಾಗಿ ಕೇಳುತ್ತೆ, ಹಳೇ ಸ್ಟೀರಿಯೊದಲ್ಲಿ ಮುಚ್ಚಿಹೋಗಿದೆ.

ಒಂದೇ ತಗೊಳ್ಳೋದಾದ್ರೆ 2014ರ ಮೋನೊ ಎಲ್‌ಪಿ. ಅದನ್ನ ಕಾಲಿಂಚು ಮಾಸ್ಟರ್ ಟೇಪಿಂದ ನೇರವಾಗಿ, ನಡುವೆ ಡಿಜಿಟಲ್ ಬಾರದ ಹಾಗೆ, ಅಬ್ಬೆ ರೋಡ್ ಸ್ಟುಡಿಯೊದಲ್ಲಿ ಕಟ್ ಮಾಡಿದಾರೆ (ಗೀರು ಕೊರೆದಿದಾರೆ). ಎರಡನೆಯದು 2017ರದು. 2012ರ ಎಲ್‌ಪಿ 24 ಬಿಟ್, 44.1 ಕಿಲೋಹರ್ಟ್ಸ್ ಡಿಜಿಟಲ್ ಫೈಲಿಂದ ಬಂದದ್ದು. ಆ ಮಿಕ್ಸ್ ಬೇಕಿದ್ರೆ 2009ರ ಸಿಡಿ ಸಾಕು.

ಮೂವತ್ಮೂರು:
ರೆಕಾರ್ಡ್ ಕೆಟ್ಟಿಲ್ಲ. ಮೋನೊ ಗೀರಿನಲ್ಲಿ ಸಂಗೀತ ಇರೋದು ಸೂಜಿಯ ಎಡಬಲದ ಅಲುಗಾಟದಲ್ಲಿ ಮಾತ್ರ. ಸ್ಟೀರಿಯೊ ಕಾರ್ಟ್ರಿಡ್ಜ್ ಮೇಲೆ-ಕೆಳಗಿನ ಅಲುಗಾಟವನ್ನೂ ಸದ್ದು ಮಾಡುತ್ತೆ. ಧೂಳು, ಸಣ್ಣ ಗೀಚು ಸೂಜಿಯನ್ನ ಎತ್ತಿ ಹಾಕೋದೇ ಆ ದಿಕ್ಕಿನಲ್ಲಿ. ಎರಡೂ ಚಾನೆಲ್ ಕೂಡಿಸಿದ್ರೆ ಮೇಲೆ-ಕೆಳಗಿನದು ಒಂದನ್ನೊಂದು ಅಳಿಸಿಕೊಳ್ಳುತ್ತೆ, ಹಾಡು ಉಳಿಯುತ್ತೆ.

ಆಂಪ್ಲಿಫೈಯರ್‌ನಲ್ಲಿ ಮೋನೊ ಸ್ವಿಚ್ ಇದ್ರೆ ಅದನ್ನ ಒತ್ತಿ, ಮುಗೀತು. ಇಲ್ಲದಿದ್ರೆ ಎರಡು ಆರ್‌ಸಿಎ ‘ವೈ’ ಕೇಬಲ್ ಬೇಕು. ಮೊದಲನೆಯದು ಎಡಬಲ ಎರಡನ್ನೂ ಒಂದು ಮಾಡುತ್ತೆ, ಎರಡನೆಯದು ಆ ಒಂದನ್ನ ಮತ್ತೆ ಎರಡಕ್ಕೆ ಹಂಚುತ್ತೆ. ಇವನ್ನ ಟರ್ನ್‌ಟೇಬಲ್‌ಗೂ ಫೋನೊ ಪ್ರಿಆಂಪ್‌ಗೂ (ಕಾರ್ಟ್ರಿಡ್ಜ್‌ನ ಸಣ್ಣ ಸಿಗ್ನಲ್ ಹಿಗ್ಗಿಸೋದು) ನಡುವೆಯೇ ಹಾಕಬೇಕು. ಪ್ರಿಆಂಪ್ ಆದಮೇಲೆ ಹಾಕಿದ್ರೆ ಒಂದು ಚಾನೆಲ್‌ನ ಔಟ್‌ಪುಟ್ ಇನ್ನೊಂದರ ಮೇಲೆ ಹೊರೆಯಾಗಿ ಸದ್ದು ಒಡೆಯುತ್ತೆ. ಟರ್ನ್‌ಟೇಬಲ್ ಒಳಗೇ ಪ್ರಿಆಂಪ್ ಇದ್ರೆ ಹಿಂದಿನ ಸ್ವಿಚ್ಚನ್ನ ‘ಫೋನೊ’ಗೆ ತಿರುಗಿಸಿ, ಹೊರಗಿನ ಪ್ರಿಆಂಪ್ ಬಳಸಿ. ಎರಡನೇ ಕೇಬಲ್ ಬಿಟ್ಟು ಒಂದೇ ಇನ್‌ಪುಟ್‌ಗೆ ಕೊಡಬೇಡಿ. ಕಾರ್ಟ್ರಿಡ್ಜ್‌ನ ಎಡಬಲದ ಎರಡು ಕಾಯಿಲ್‌ಗೆ ಎರಡು ಇನ್‌ಪುಟ್ ಇದ್ದರೇ 47 ಕಿಲೋಓಮ್ ಲೋಡಿನ ಲೆಕ್ಕ ಸರಿಹೋಗೋದು.

ಸೂಜಿ ರೆಕಾರ್ಡ್ ಮೇಲೆ ಒತ್ತೋ ಭಾರವನ್ನೂ ನೋಡಿ. ಈ ಕಾರ್ಟ್ರಿಡ್ಜ್‌ಗೆ 2.0 ಗ್ರಾಂ ಇರಬೇಕು, 1.8ಕ್ಕಿಂತ ಕೆಳಗೆ ಹೋದ್ರೆ ಸೂಜಿ ಗೀರಿನ ಗೋಡೆ ಬಿಟ್ಟು ಕುಣಿಯುತ್ತೆ, ಕೇಳೋಕೆ ಅದೂ ಚಟಚಟವೇ. ಮಳೆಗಾಲದ ಬೂಷ್ಟು ಹಿಡಿದಿದ್ರೆ 900 ಎಂಎಲ್ ಡಿಸ್ಟಿಲ್ಡ್ ವಾಟರ್‌ಗೆ 100 ಎಂಎಲ್ ಐಸೊಪ್ರೊಪೈಲ್ ಆಲ್ಕೊಹಾಲ್ ಸೇರಿಸಿ, ಮೈಕ್ರೊಫೈಬರ್ ಬಟ್ಟೆಯಲ್ಲಿ ಗೀರಿನ ಗುಂಟ ಒರೆಸಿ, ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ ಒರೆಸಿ ಆರಲು ಬಿಡಿ. ಹಳೇ 78 ಆರ್‌ಪಿಎಂ ತಟ್ಟೆಗೆ ಇದನ್ನ ತಾಕಿಸಲೇಬೇಡಿ. ಅದು ಅರಗು, ಆಲ್ಕೊಹಾಲ್‌ಗೆ ಕರಗುತ್ತೆ.

ಸೂಜಿಮೊನೆ:
ವೈ ಕೇಬಲ್ ಹಾಕಿದೆ. ಬದಿಯ ಚಟಚಟ ಹೋಯ್ತು, ನಡುವೆ ಅಲ್ಲೊಂದು ಇಲ್ಲೊಂದು ಉಳಿದಿದೆ ಅಷ್ಟೆ. ಇಬ್ಬರಿಗೂ ಧನ್ಯವಾದ ಸರ್. 1968ರ ‘ವೈಟ್ ಆಲ್ಬಂ’, 1969ರ ‘ಅಬ್ಬೆ ರೋಡ್’ ಎರಡರದ್ದೂ ಮೋನೊ ಫೈಲ್ ಇದೆ ಅಂತ ಒಬ್ಬರು ಹೇಳ್ತಿದಾರೆ. ಅಸಲಿನಾ?

ನಾಲ್ಕುಟ್ರ್ಯಾಕ್:
‘ಅಬ್ಬೆ ರೋಡ್’ಗೆ ದುಡ್ಡು ಕೊಡಬೇಡಿ. ಆ ಆಲ್ಬಂ ಬಂದದ್ದೇ ಸ್ಟೀರಿಯೊದಲ್ಲಿ. ಮೋನೊ ಅಂತ ಸಿಗೋದೆಲ್ಲ ಸ್ಟೀರಿಯೊದ ಎರಡು ಬದಿ ಮಡಚಿ ಒಂದು ಮಾಡಿದ್ದು. ಮಡಚಿದಾಗ ನಡುವಿನ ದನಿ, ಬಾಸ್ ಬದಿಯ ವಾದ್ಯಗಳಿಗಿಂತ ಸುಮಾರು 3 ಡೆಸಿಬಲ್ ಮುಂದೆ ನುಗ್ಗಿ ತೂಕ ತಪ್ಪುತ್ತೆ. ಬ್ರಿಟನ್ನಿನ ‘ಯೆಲ್ಲೊ ಸಬ್‌ಮರೀನ್’ ಮೋನೊ ಎಲ್‌ಪಿಯೂ ಮಡಚಿದ್ದೇ, ಅದಕ್ಕೇ 2009ರ ಮೋನೊ ಸಿಡಿಗಳ ಬಾಕ್ಸ್‌ನಲ್ಲಿ ಅದು ಇಲ್ಲ.

‘ವೈಟ್ ಆಲ್ಬಂ’ಗೆ ಮಾತ್ರ ನಿಜವಾದ ಮೋನೊ ಇದೆ. ‘ಹೆಲ್ಟರ್ ಸ್ಕೆಲ್ಟರ್’ ಕೊನೆಗೆ ಮಸುಕಾಗಿ ಮತ್ತೆ ಎದ್ದು ಬಂದು ಡ್ರಮ್ಮರ್ ರಿಂಗೊ ಬೆರಳಿನ ಗುಳ್ಳೆಗಳ ಬಗ್ಗೆ ಕಿರುಚಿದ್ರೆ ಅದು ಸ್ಟೀರಿಯೊ ಮಿಕ್ಸ್. ಮೋನೊದಲ್ಲಿ ಆ ಬಾಲ ಇಲ್ಲ.

ಮೂವತ್ಮೂರು:
ಕಿವಿಗೆ ಸಂಶಯ ಉಳಿದ್ರೆ ಆಡಾಸಿಟಿ ಅನ್ನೋ ಆಡಿಯೊ ಸಾಫ್ಟ್‌ವೇರ್‌ನಲ್ಲಿ ನೋಡಬಹುದು. ಸ್ಟೀರಿಯೊ ಫೈಲನ್ನ ‘ಮಿಕ್ಸ್ ಸ್ಟೀರಿಯೊ ಡೌನ್ ಟು ಮೋನೊ’ ಮಾಡಿ, ಕೆಳಗೆ ಆ ಮೋನೊ ಫೈಲ್ ಇಡಿ. ದೊಡ್ಡದು ಮಾಡಿ ನೋಡಿ ಎರಡರ ಆರಂಭವನ್ನ ಸ್ಯಾಂಪಲ್‌ಗೆ ಸ್ಯಾಂಪಲ್ ಕೂಡಿಸಿ, ಮಟ್ಟ ಸಮ ಮಾಡಿ, ಒಂದಕ್ಕೆ ‘ಇನ್ವರ್ಟ್’ (ಅಲೆಯನ್ನ ತಲೆಕೆಳಗು ಮಾಡೋದು) ಕೊಟ್ಟು ಒಟ್ಟಿಗೆ ಪ್ಲೇ ಮಾಡಿ. ಹೆಚ್ಚುಕಡಿಮೆ ನಿಶ್ಶಬ್ದವಾದ್ರೆ ಅದು ಮಡಚಿದ ಮೋನೊ. ಸದ್ದು ಉಳಿದ ಮಾತ್ರಕ್ಕೆ ಅಸಲಿ ಅನ್ನೋಕಾಗಲ್ಲ: ಬೇರೆ ರೀಮಾಸ್ಟರಿಂದ ಮಡಚಿದ್ರೂ ಉಳಿಯುತ್ತೆ, ಎಲ್‌ಪಿಯಿಂದ ಇಳಿಸಿದ ಫೈಲ್ ವೇಗದ ಏರುಪೇರಿನಿಂದಾಗಿ ಹೇಗೂ ಅಳಿಯಲ್ಲ. ಆಗ ‘ಹೆಲ್ಟರ್ ಸ್ಕೆಲ್ಟರ್’ ಬಾಲವೇ ಗತಿ.