ಪ್ಲಾಸ್ಟಿಕ್ ಇಂಟರ್‌ಲಾಕ್‌ನ ಅಂಚು ಉದುರುತ್ತಿದೆ, ಸಹಾಯ ಬೇಕು

ನಮಸ್ಕಾರ. ಬದಿಯಡ್ಕದ ಹತ್ತಿರ ನಾವು ಕೆಲವರು ಹಾಲಿನ ಕವರ್ ಕರಗಿಸಿ, ಮರಳು ಸೇರಿಸಿ ಅಂಗಳಕ್ಕೆ ಹಾಸುವ ಇಂಟರ್‌ಲಾಕ್ ಮಾಡುತ್ತಿದ್ದೇವೆ. ಬರೀ ಕವರ್ ಆದರೆ ಚೆನ್ನಾಗಿಯೇ ಬರುತ್ತದೆ. ಆದರೆ ನಮ್ಮಲ್ಲಿ ರಾಶಿ ಬಿದ್ದಿರುವುದು ಗೊಬ್ಬರದ, ಅಕ್ಕಿಯ ನೇಯ್ದ ಚೀಲ. ಅದನ್ನು ಸೇರಿಸಿದರೆ ಅಂಚು ಉದುರುತ್ತದೆ. ಮುರಿದು ನೋಡಿದರೆ ಒಳಗೆ ಕರಗದ ಎಳೆಗಳು.

ಕವರ್ ಸುಮಾರು 110 ಡಿಗ್ರಿಗೆ ಕರಗುತ್ತದೆ. ಚೀಲ ಪಾಲಿಪ್ರೊಪಿಲೀನ್, ಅದಕ್ಕೆ 160ರ ಮೇಲೆ ಬೇಕು. ಉರಿ ಜಾಸ್ತಿ ಮಾಡಿದರೆ ಕವರ್ ಹೊಗೆಯಾಡುತ್ತದೆ. ಮರಳನ್ನು ಜರಡಿ ಹಿಡಿದು, ಹುರಿದು ಹಾಕಿದ್ದೂ ಆಯಿತು. ಗುಳ್ಳೆ ಕಡಿಮೆಯಾಯಿತು, ಅಷ್ಟೇ. (ಪಿವಿಸಿ ಪೈಪ್ ಸೇರಿಸಿ ಅಂತ ಮಾತ್ರ ಹೇಳಬೇಡಿ, ಅದು ಕಾದರೆ ವಿಷಗಾಳಿ.)

ಎರಡನ್ನೂ ಸೇರಿಸಿ ಗಟ್ಟಿ ಇಂಟರ್‌ಲಾಕ್ ಮಾಡಿದವರು ಇದ್ದೀರಾ? ಯಾವುದನ್ನು ಮೊದಲು ಕರಗಿಸಬೇಕು, ಚೀಲದ ಪಾಲು ಎಷ್ಟಿರಬೇಕು? ಅಥವಾ ಚೀಲವನ್ನು ಬೇರೆಯೇ ಇಡುವುದು ಒಳ್ಳೆಯದಾ?