ದೊಡ್ಡ ನಾಯಿಯನ್ನು ನೋಡಿ ಮರಿ ಕೆಡುತ್ತಿದೆ, ಬೇರೆ ಬೇರೆ ಕಟ್ಟಬೇಕೇ?

ಪ್ರಶ್ನೆ: ಬ್ರಹ್ಮಾವರದ ಅಂಗಳ

ನಮ್ಮಲ್ಲಿ ಏಳು ವರ್ಷದ ಊರ ನಾಯಿ ಬೊಗ್ಗ ಇದೆ. ಮಳೆಗಾಲ ಮುಗಿದ ಮೇಲೆ ಪಕ್ಕದ ಮನೆಯಿಂದ ಒಂದು ಹೆಣ್ಣು ಮರಿಯನ್ನು ತಂದೆವು, ಹೆಸರು ಚಿನ್ನು. ಈಗ ಅದಕ್ಕೆ ಮೂರು ತಿಂಗಳು ದಾಟಿದೆ. ಬೆಳಿಗ್ಗೆ ತಿರುವಿನಲ್ಲಿ ಮೀನಿನವನ ಸ್ಕೂಟರಿನ ಹಾರ್ನ್ ಕೇಳಿದರೆ ಸಾಕು, ಹಟ್ಟಿಯ ಹಿಂದೆ ಮಲಗಿದ್ದ ಬೊಗ್ಗ ಗೇಟಿಗೆ ಓಡುತ್ತದೆ, ಬೆನ್ನಿಗೇ ಇದೂ ಓಡುತ್ತದೆ. ತಮಾಷೆಯೆಂದರೆ ಚಿನ್ನು ಗೇಟಿನ ಕಡೆ ನೋಡುವುದೇ ಇಲ್ಲ, ಬೊಗ್ಗನ ಮುಖ ನೋಡುತ್ತಾ ಬೊಗಳುತ್ತದೆ. ತೆಂಗಿನ ಬುಡ ಅಗೆಯುವುದು, ಅಂಚೆಯವರ ಮೇಲೆ ಹಾರುವುದು ಎಲ್ಲವೂ ಬಂದಾಯಿತು. ಆದರೆ ಅನ್ನ ಹಾಕುವಾಗ ಬೊಗ್ಗ ಕುಳಿತು ಕಾಯುತ್ತದೆ, ಅದೊಂದು ಮಾತ್ರ ಮರಿಗೆ ಬಂದಿಲ್ಲ. ಎರಡನ್ನೂ ಬೇರೆ ಬೇರೆ ಕಟ್ಟಿ ಎಂದು ಅತ್ತೆ ಹೇಳುತ್ತಿದ್ದಾರೆ. ಕೆಟ್ಟದ್ದನ್ನು ಮಾತ್ರ ಇಷ್ಟು ಬೇಗ ಕಲಿಯುವುದು ಯಾಕೆ?

ಪಡುಬಿದ್ರಿಯವ

ನಾಯಿ ಬೊಗಳದೆ ಭಾಗವತಿಕೆ ಮಾಡುತ್ತದೆಯೇ? ಕಟ್ಟಿ ಹಾಕಿದರೆ ಇನ್ನೂ ಹೆಚ್ಚು ಬೊಗಳುತ್ತದೆ. ನಮ್ಮ ಓಣಿಯಲ್ಲಿ ನಿದ್ದೆ ಕೆಡಿಸುವುದೆಲ್ಲ ಸಂಕಲೆಯಲ್ಲಿರುವ ನಾಯಿಗಳೇ.

ಕದ್ರಿ ಗುಡ್ಡೆ

ಬೇರೆ ಕಟ್ಟಬೇಡಿ. ಬೀದಿಯ ಮರಿಗಳನ್ನು ಸಾಕಿ ಮನೆ ಹುಡುಕಿಕೊಡುವುದು ನನ್ನ ಹಳೆಯ ಹುಚ್ಚು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬೊಗ್ಗನ ಮುಖ ನೋಡುತ್ತದೆ ಎಂದಿರಲ್ಲ, ಅರ್ಧ ಉತ್ತರ ಅಲ್ಲಿಯೇ ಇದೆ. ಬೊಗಳಲು ಯಾವ ಮರಿಗೂ ಯಾರೂ ಕಲಿಸಬೇಕಾಗಿಲ್ಲ. ಯಾವ ಸದ್ದಿಗೆ ಏಳಬೇಕು, ಎಲ್ಲಿಗೆ ಓಡಬೇಕು ಎಂಬುದನ್ನು ಅದು ದೊಡ್ಡದರಿಂದ ತಿಳಿದುಕೊಳ್ಳುತ್ತದೆ. ಮುಂದಿನ ಪಾಠವೆಲ್ಲ ಗೇಟಿನಲ್ಲಿ. ಅಂಚೆಯವರು ಕಾಗದ ಕೊಟ್ಟು ತಮ್ಮ ಪಾಡಿಗೆ ಹೋಗುತ್ತಾರೆ, ಮರಿಯ ಲೆಕ್ಕದಲ್ಲಿ ತಾನು ಬೊಗಳಿದ್ದಕ್ಕೆ ಹೋದರು. ಬಂದಾಗಲೆಲ್ಲ ಗೆಲುವು! ಮೀನಿನವನದ್ದು ಬೇರೆ ಕಥೆ ಇರಬಹುದು. ಅವನು ಬೊಗ್ಗನಿಗೆ ಬೂತಾಯಿ ತಲೆ ಎಸೆಯುತ್ತಾನೆಯೇ? ಹಾಗಿದ್ದರೆ ಆ ಓಟ ಸಿಟ್ಟಿನದಲ್ಲ, ಊಟದ್ದು. ತೆಂಗಿನ ಬುಡದಲ್ಲಿ ಒಂದು ಕೆದಕಿದ ಕಡೆ ಇನ್ನೊಂದು ಮೂಗು ತೂರಿಸುತ್ತದೆ, ಅಡಿಯ ಮಣ್ಣು ತಂಪಾಗಿರುತ್ತದೆ. ನಮ್ಮ ಸೆಕೆಗೆ ಅಷ್ಟು ಸಾಕು.

ಇನ್ನು ಕಾಯುವ ವಿಷಯ. ಓಡುವ ನಾಯಿಯ ಹಿಂದೆ ಓಡಬಹುದು, ಸುಮ್ಮನೆ ಕುಳಿತ ನಾಯಿಯಲ್ಲಿ ಮರಿಗೆ ನೋಡಲು ಏನಿದೆ? ಮೇಲಾಗಿ ಕುಣಿದರೂ ಹಾರಿದರೂ ಚಿನ್ನುವಿನ ತಟ್ಟೆಗೆ ಅನ್ನ ಬೀಳುತ್ತಿರಬೇಕು.

ನೋಡಿ ಕಲಿಯುವುದೇ ಸುಳ್ಳು ಎನ್ನುತ್ತಿಲ್ಲ. 1977ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಒಡಹುಟ್ಟಿದ ಮರಿ ರಿಬ್ಬನ್ ಎಳೆದು ತಿಂಡಿಯ ಪುಟ್ಟ ಗಾಡಿಯನ್ನು ಹತ್ತಿರ ತರುವುದನ್ನು ಕಂಡ ಡ್ಯಾಷ್‌ಹಂಡ್ ಮರಿಗಳು ತಮ್ಮ ಸರದಿ ಬಂದಾಗ ಬಹಳ ಬೇಗ ಎಳೆದವು. ದಕ್ಷಿಣ ಆಫ್ರಿಕಾದ ಸ್ಲ್ಯಾಬರ್ಟ್ ಮತ್ತು ರಾಸಾ 1997ರಲ್ಲಿ ಬರೆದದ್ದು ಇನ್ನೂ ಚೆನ್ನಾಗಿದೆ: 6ರಿಂದ 12 ವಾರದ ಪ್ರಾಯದಲ್ಲಿ ತಾಯಿ ಮಾದಕ ವಸ್ತು ಹುಡುಕುವುದನ್ನು ನೋಡುತ್ತಾ ಬೆಳೆದ ಜರ್ಮನ್ ಶೆಫರ್ಡ್ ಮರಿಗಳು, 6 ತಿಂಗಳಾದಾಗ ಆ ಕೆಲಸದಲ್ಲಿ ನೋಡದ ಮರಿಗಳನ್ನು ಹಿಂದೆ ಹಾಕಿದವು. ಬುಡಾಪೆಸ್ಟಿನ ಸಂಶೋಧಕರು 2018ರಲ್ಲಿ 8 ವಾರದ ಮರಿಗಳ ಮುಂದೆ ತಿಂಡಿಯ ಪೆಟ್ಟಿಗೆ ಇಟ್ಟರು. ಮನುಷ್ಯರು ತೆರೆದದ್ದನ್ನು ನೋಡಿಯೂ ಮರಿಗಳು ಕಲಿತವು, ಗುರುತಿಲ್ಲದ ನಾಯಿಯನ್ನು ನೋಡಿಯೂ ಕಲಿತವು, ತಾಯಿಯಿಂದ ಮಾತ್ರ ಅಷ್ಟಾಗಿ ಕಲಿಯಲಿಲ್ಲ. ಹೊಸ ನಾಯಿಯನ್ನು ಹೆಚ್ಚು ಹೊತ್ತು ದಿಟ್ಟಿಸಿದ್ದವಂತೆ. ನಮ್ಮ ಮಕ್ಕಳೂ ಪಕ್ಕದ ಮನೆಯವರ ಮಾತನ್ನೇ ಕೇಳುವುದು, ಬಿಡಿ.

ಆದ್ದರಿಂದ ಮರಿಯನ್ನು ಬಿಟ್ಟು ಮೊದಲು ಬೊಗ್ಗನನ್ನು ತಿದ್ದಿ. ಹಾರ್ನ್ ಕೇಳಿದ ತಕ್ಷಣ, ಅದು ಎದ್ದು ಓಡುವ ಮೊದಲೇ, ಅಡುಗೆಮನೆಯ ಮೆಟ್ಟಿಲಿಗೆ ಕರೆದು ಬೇಯಿಸಿದ ಕೋಳಿಯ ಒಂದು ತುಂಡು ಕೊಡಿ, ಮೂಳೆ ಬೇಡ. ಬೊಗ್ಗ ಮೆಟ್ಟಿಲಿಗೆ ಬಂದರೆ ಮರಿ ಗೇಟಿನಲ್ಲಿ ಒಂದೇ ನಿಂತು ಏನು ಮಾಡುತ್ತದೆ? ಊಟದ ಹೊತ್ತಿಗೆ ಮರಿಯ ಅಂಡು ನೆಲಕ್ಕೆ ತಾಗುವವರೆಗೆ ತಟ್ಟೆ ಕೆಳಗಿಳಿಸಬೇಡಿ. ಹಾರಿದರೆ ತಟ್ಟೆ ಮೇಲೆ ಹೋಗಲಿ, ಬೈಯಬೇಡಿ. ದಿನಕ್ಕೊಮ್ಮೆ ಚಿನ್ನುವನ್ನು ಮಾತ್ರ ಕರೆದುಕೊಂಡು ಹೊರಗೆ ನಡೆಯಿರಿ, ನಿಮ್ಮ ಮುಖವನ್ನೂ ಅದು ನೋಡಿ ಅಭ್ಯಾಸವಾಗಬೇಕಲ್ಲ.

ಬ್ರಹ್ಮಾವರದ ಅಂಗಳ

ಎಸೆಯುವುದು ಹೌದು! ಬೂತಾಯಿಯಲ್ಲ, ಬಂಗುಡೆ ತಲೆ. ಅದೂ ಅತ್ತೆಯೇ ಹೇಳಿ ಹಾಕಿಸುವುದು ಎಂದು ಇವತ್ತು ಗೊತ್ತಾಯಿತು. ಇನ್ನೊಂದು ಕೇಳುತ್ತೇನೆ. ಊರಿನ ದೇವಸ್ಥಾನದ ಜಾತ್ರೆ ಹತ್ತಿರ ಬಂತು. ಗರ್ನಾಲು ಹೊಡೆದರೆ ಬೊಗ್ಗ ಮಂಚದ ಅಡಿ ಸೇರಿ ಜೊಲ್ಲು ಸುರಿಸುತ್ತಾ ನಡುಗುತ್ತದೆ. ಮರಿ ಇದನ್ನೂ ಕಲಿತರೆ?

ಕದ್ರಿ ಗುಡ್ಡೆ

ಕಲಿಯಬಹುದು. ಇದಕ್ಕೆ ಮಾತ್ರ ನಿಮ್ಮ ಅತ್ತೆ ಹೇಳಿದ್ದೇ ಸರಿ, ಆ ಹೊತ್ತಿಗೆ ಎರಡನ್ನೂ ಬೇರೆ ಕೋಣೆಯಲ್ಲಿಡಿ. ಚಿನ್ನುವಿನ ಜೊತೆ ಹೆದರದ ಒಬ್ಬರು ಕುಳಿತುಕೊಳ್ಳಲಿ, ಕಿಟಕಿ ಹಾಕಿ, ಟಿವಿ ಜೋರಾಗಿರಲಿ, ಪ್ರತಿ ಸದ್ದಿನ ಬೆನ್ನಿಗೇ ಒಂದು ತುಂಡು ತಿಂಡಿ ಬಾಯಿಗೆ ಬೀಳಲಿ. ಸದ್ದಿಗೆ ಜಗ್ಗದ ನಾಯಿ ನೆಂಟರ ಮನೆಯಲ್ಲಿದ್ದರೆ ಮರಿಯನ್ನು ಆ ರಾತ್ರಿ ಅಲ್ಲಿಗೇ ಕಳಿಸಿ, ಅದು ಇನ್ನೂ ಒಳ್ಳೆಯದು. ಬೊಗ್ಗನನ್ನು ಮಂಚದ ಅಡಿಯಿಂದ ಎಳೆಯಲು ಹೋಗಬೇಡಿ. ಜೊಲ್ಲು ಸುರಿಸುವಷ್ಟು ಹೆದರಿಕೆ ಇದ್ದರೆ ಜಾತ್ರೆಗೆ ಮುಂಚೆಯೇ ಪಶುವೈದ್ಯರನ್ನು ಕಾಣಿ, ಅದಕ್ಕೆ ಮದ್ದು ಇದೆ. ಮನುಷ್ಯರ ನಿದ್ದೆ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ. ಹೋಗುವಾಗ ಚಿನ್ನುವನ್ನೂ ಕರೆದುಕೊಂಡು ಹೋಗಿ, ಮೂರು ತಿಂಗಳು ದಾಟಿತು ಎಂದಿರಿ, ರೇಬಿಸ್ ಲಸಿಕೆ ಹಾಕಿಸಿರದಿದ್ದರೆ ಅದೂ ಆಗಲಿ.