ವಿಂಚ್ ಉಡಾವಣೆ: ಸ್ಟಿಕ್ ಎಳೆಯಲು ಆತುರವೇಕೆ ಬೇಡ?

ಪ್ರಶ್ನೆ: ನಮಸ್ಕಾರ ಸರ್. ಗ್ಲೈಡರ್ ಹಾರಾಟ ಕಲಿಯುತ್ತಿದ್ದೇನೆ. ವಿಂಚ್‌ನಿಂದ (ನೆಲದ ಮೇಲಿದ್ದು ಕೇಬಲ್ ಸುತ್ತಿಕೊಳ್ಳುತ್ತಾ ಗ್ಲೈಡರನ್ನು ಎಳೆಯುವ ಯಂತ್ರ) ಇದುವರೆಗೆ 26 ಬಾರಿ ಮೇಲೇರಿದ್ದೇನೆ, ಪ್ರತಿ ಸಲವೂ ಹಿಂದಿನ ಸೀಟಿನಲ್ಲಿ ಬೋಧಕರಿದ್ದರು. ಚಕ್ರ ನೆಲ ಬಿಟ್ಟ ಕೂಡಲೇ ಸ್ಟಿಕ್ (ಮೂಗು ಏರಿಸಿ ಇಳಿಸುವ ಹಿಡಿಕೆ) ಹಿಂದಕ್ಕೆ ಎಳೆಯುತ್ತೇನೆಂದು ಅವರಿಂದ ಬೈಸಿಕೊಳ್ಳುವುದು ತಪ್ಪುತ್ತಿಲ್ಲ. ಬೇಗ ಕಡಿದಾಗಿ ಏರಿದರೆ ಹೆಚ್ಚು ಎತ್ತರ ಸಿಗುತ್ತದಲ್ಲವೇ? ಮತ್ತೇಕೆ ಕಾಯಬೇಕು?

ಉತ್ತರ: ನಿಮ್ಮ ಬೋಧಕರು ಇನ್ನೂ ಸ್ವಲ್ಪ ಜೋರಾಗಿ ಬೈದರೂ ತಪ್ಪಿಲ್ಲ. ಮೊದಲು ಎತ್ತರದ ಲೆಕ್ಕ ಮುಗಿಸೋಣ. 1000 ಮೀಟರ್ ಕೇಬಲ್ ಹಾಸಿದರೆ, ಗಾಳಿ ಹೆಚ್ಚಿಲ್ಲದ ದಿನ ಸಿಗುವುದು ಅದರ ಮೂರನೇ ಒಂದು ಭಾಗ ಅಥವಾ ತುಸು ಹೆಚ್ಚು. ಆತುರಪಟ್ಟು ನೀವು ಅದಕ್ಕೆ ಸೇರಿಸುವುದು ಕೆಲವೇ ಮೀಟರ್.

ಇನ್ನು ಅಪಾಯದ ಲೆಕ್ಕ. ಮೂಗನ್ನು ಮೇಲಕ್ಕೆ ತಿರುಗಿಸುವಾಗ ರೆಕ್ಕೆ ಹೊರುವುದು ಗ್ಲೈಡರಿನ ತೂಕವನ್ನಷ್ಟೇ ಅಲ್ಲ. ಕೇಬಲ್ ಕೆಳಕ್ಕೆ ಜಗ್ಗುವುದನ್ನೂ, ಹಾರುವ ದಾರಿಯನ್ನು ಮೇಲಕ್ಕೆ ಬಾಗಿಸುವ ಬಲವನ್ನೂ ಅದೇ ಒದಗಿಸಬೇಕು. ಭಾರ ಏರಿದಂತೆ ಸ್ಟಾಲ್ ವೇಗವೂ, ಅಂದರೆ ಯಾವುದಕ್ಕಿಂತ ನಿಧಾನವಾದರೆ ರೆಕ್ಕೆ ಎತ್ತಿ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೋ ಆ ವೇಗವೂ, ಏರುತ್ತದೆ. ಸಾಧಾರಣ ಹಾರಾಟದಲ್ಲಿ ಗಂಟೆಗೆ 65 ಕಿ.ಮೀ. ವೇಗದಲ್ಲಿ ಸ್ಟಾಲ್ ಆಗುವ ಗ್ಲೈಡರ್, ರೆಕ್ಕೆ ಹೊರುವ ಭಾರ ಇಮ್ಮಡಿಯಾದರೆ 92ರಲ್ಲೇ ಸ್ಟಾಲ್ ಆಗುತ್ತದೆ. ನೀವು ಸ್ಟಿಕ್ ಎಳೆಯುವ ಗಳಿಗೆಯಲ್ಲಿ ವೇಗಮಾಪಕದ ಮುಳ್ಳು 80 ತೋರಿಸುತ್ತಿದ್ದರೆ? ಒಂದು ರೆಕ್ಕೆ ಮೊದಲು ಸ್ಟಾಲ್ ಆಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಗ್ಲೈಡರ್ ತಲೆಕೆಳಗಾಗಬಹುದು, ಅದೂ ನೆಲದ ಹತ್ತಿರದಲ್ಲೇ. ಅಲ್ಲಿಂದ ಸರಿಪಡಿಸಿಕೊಳ್ಳುವಷ್ಟು ಎತ್ತರ ಯಾರಿಗೂ ಇರುವುದಿಲ್ಲ.

ಆದ್ದರಿಂದ ನೆಲ ಬಿಟ್ಟ ಮೇಲೆ ಏರುವ ಓರೆ ಕಡಿಮೆಯಿರಲಿ. ವೇಗ ಸಾಕಷ್ಟಿದೆ, ಇನ್ನೂ ಏರುತ್ತಿದೆ ಎಂಬುದನ್ನು ಖಾತ್ರಿಪಡಿಸಿಕೊಂಡು, ಐದಾರು ಸೆಕೆಂಡುಗಳಲ್ಲಿ ಹದವಾಗಿ 40 ಡಿಗ್ರಿಯ ಆಸುಪಾಸಿಗೆ ತನ್ನಿ. ಏರಿಕೆಯುದ್ದಕ್ಕೂ ವೇಗ ಸ್ಟಾಲ್ ವೇಗದ ಒಂದೂವರೆ ಪಟ್ಟಿಗಿಂತ ಕೆಳಗಿಳಿಯಬಾರದು, ಫಲಕದಲ್ಲಿ ಬರೆದಿರುವ ವಿಂಚ್ ಮಿತಿಯನ್ನೂ ದಾಟಬಾರದು.

ಇನ್ನೊಂದು ಮಾತು. ವಿಂಚ್‌ಗೆ ಬಳಸುವ ಕೊಕ್ಕೆ ಗ್ಲೈಡರಿನ ಹೊಟ್ಟೆಯ ಕೆಳಗಿರುತ್ತದೆ. ಹಾಗಾಗಿ ವಿಂಚ್ ರಭಸದಿಂದ ಎಳೆದಾಗ, ನೀವು ಏನೂ ಮಾಡದಿದ್ದರೂ ಮೂಗು ತಾನಾಗಿ ಏಳುವುದುಂಟು. ಆಗ ಸ್ಟಿಕ್ಕನ್ನು ಮುಂದಕ್ಕೆ ಒತ್ತಿ ಹಿಡಿಯಬೇಕಾಗುತ್ತದೆ. "ನಾನು ಎಳೆಯಲೇ ಇಲ್ಲ, ಅದೇ ಎದ್ದಿತು" ಎಂದು ಎಷ್ಟೋ ವಿದ್ಯಾರ್ಥಿಗಳು ನನ್ನ ಮುಂದೆ ವಾದಿಸಿದ್ದಾರೆ. ನಿಜವೇ ಇರಬಹುದು, ಆದರೆ ತಡೆಯಬೇಕಾದವರು ಅವರೇ.

ಪ್ರಶ್ನೆ: ಎಡಗೈ ಸದಾ ರಿಲೀಸ್ ಗುಬ್ಬಿಯ (ಎಳೆದರೆ ಕೇಬಲ್ ಕಳಚುವ ಗುಬ್ಬಿ) ಮೇಲೆಯೇ ಇರಬೇಕೆನ್ನುತ್ತಾರೆ. ಅಷ್ಟು ಅವಸರ ಯಾವಾಗ ಬರುತ್ತದೆ?

ಉತ್ತರ: ನೆಲದ ಮೇಲೆ ಓಡುವಾಗಲೇ. ರೆಕ್ಕೆ ಮಟ್ಟವಾಗಿ ನಿಲ್ಲುತ್ತಿಲ್ಲ ಅನ್ನಿಸಿದ ತಕ್ಷಣ ರಿಲೀಸ್ ಎಳೆಯಿರಿ, ತುದಿ ಹುಲ್ಲಿಗೆ ತಾಗುವವರೆಗೆ ಕಾಯಬೇಡಿ. ತುದಿ ಸಿಕ್ಕಿಕೊಂಡರೆ ಗ್ಲೈಡರ್ ಅದರ ಸುತ್ತ ಬಂಡಿಯ ಗಾಲಿಯಂತೆ ಪಲ್ಟಿ ಹೊಡೆಯುತ್ತದೆ. ಗುಬ್ಬಿಯನ್ನು ಹುಡುಕುತ್ತಾ ಕೂರಲು ಆಗ ಸಮಯವಿರುವುದಿಲ್ಲ. ಸುಮ್ಮನೆ ರಿಲೀಸ್ ಮಾಡಿದಿರಿ ಎಂದು ಯಾರಾದರೂ ನಕ್ಕರೆ ನಗಲಿ, ಮತ್ತೆ ಸಾಲಿನಲ್ಲಿ ನಿಂತರಾಯಿತು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಕೇಬಲ್ ತುಂಡಾದರೆ ಮೂಗು ಇಳಿಸಬೇಕು ಎಂಬುದು ಗೊತ್ತು. ಆದರೆ ಅಭ್ಯಾಸದಲ್ಲಿ ಹೊಟ್ಟೆ ತೊಳಸಿದಂತಾಗಿ, ಸ್ಟಾಲ್ ಆಗುತ್ತಿದೆ ಎಂದು ಹೆದರಿ ಸ್ಟಿಕ್ಕನ್ನು ಇನ್ನಷ್ಟು ಮುಂದೆ ತಳ್ಳಿಬಿಟ್ಟೆ.

ಉತ್ತರ: ಒಳ್ಳೆಯ ಪ್ರಶ್ನೆ, ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಮೂಗು ಬೇಗ ಇಳಿಸಿದಾಗ ದೇಹ ಹಗುರಾಗುತ್ತದೆ, ಸೀಟಿನಿಂದ ಎದ್ದಂತೆ ಅನ್ನಿಸುತ್ತದೆ. ಅದು ಸ್ಟಾಲ್ ಅಲ್ಲ. ಭಾರ ಕಡಿಮೆಯಿರುವ ರೆಕ್ಕೆ ಕಡಿಮೆ ವೇಗದಲ್ಲೂ ಸ್ಟಾಲ್ ಆಗುವುದಿಲ್ಲ. ಅದನ್ನೇ ಸ್ಟಾಲ್ ಎಂದುಕೊಂಡು ತಳ್ಳುತ್ತಲೇ ಹೋದರೆ ಗ್ಲೈಡರ್ ನೆಲದತ್ತ ಧುಮುಕುತ್ತದೆ. ಮೂಗು ಇಳಿಜಾರಿನ ಸ್ಥಿತಿಗೆ ಬಂತೆಂದು ದಿಗಂತ ನೋಡಿ ತಿಳಿದುಕೊಳ್ಳಿ, ಅಲ್ಲಿಗೆ ತಳ್ಳುವುದನ್ನು ನಿಲ್ಲಿಸಿ.

ಆಮೇಲೆ ಕಾಯಿರಿ. ಜನ ಎಡವುವುದು ಇಲ್ಲೇ. 40 ಡಿಗ್ರಿ ಏರುಮುಖದಲ್ಲಿ ಕೇಬಲ್ ಹೋದರೆ ಪ್ರತಿ ಸೆಕೆಂಡಿಗೂ ಗಂಟೆಗೆ 20 ಕಿ.ಮೀ.ಗಿಂತ ಹೆಚ್ಚು ವೇಗ ಸೋರುತ್ತದೆ. ಮೂಗು ಕೆಳಗಾದ ಮೇಲೂ ಕಳೆದ ವೇಗ ಮರಳಲು ಕೆಲವು ಸೆಕೆಂಡು ಬೇಕು. ಕಿಟಕಿಯಾಚೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಮುಳ್ಳು ಮಾತ್ರ 60ರ ಹತ್ತಿರ ತೂಗುತ್ತಿರುತ್ತದೆ. ಆ ಹೊತ್ತಿಗೆ ತಿರುಗಿದರೆ ಸ್ಪಿನ್ (ಗಿರಕಿ ಹೊಡೆಯುತ್ತಾ ಬೀಳುವುದು), ಏರ್‌ಬ್ರೇಕ್ (ರೆಕ್ಕೆಯ ಮೇಲೇಳುವ ತಡೆಹಲಗೆ) ತೆರೆದರೆ ಧಡ್ಡನೆ ನೆಲ. ಇಳಿಯುವ ವೇಗ ಬಂದುದನ್ನು ಕಣ್ಣಾರೆ ಕಂಡ ಮೇಲೆ, ತುಂಡು ಕೇಬಲ್ ಉಳಿದಿದ್ದರೆ ಹೋಗಲೆಂದು ರಿಲೀಸ್ ಎಳೆದು, ಆಮೇಲೆ ನಿರ್ಧರಿಸಿ. ಮುಂದೆ ಜಾಗವಿದ್ದರೆ ನೇರವಾಗಿಯೇ ಇಳಿಯಿರಿ.

ಬ್ರಿಟಿಷ್ ಗ್ಲೈಡಿಂಗ್ ಅಸೋಸಿಯೇಷನ್ 2005ರಲ್ಲಿ ವಿಂಚ್ ಸುರಕ್ಷತೆಯ ಅಭಿಯಾನ ಆರಂಭಿಸಿ ಒತ್ತಿ ಹೇಳಿದ್ದು ಹೆಚ್ಚುಕಡಿಮೆ ಇವನ್ನೇ: ರೆಕ್ಕೆ ಬಿದ್ದರೆ ರಿಲೀಸ್, ನಿಧಾನವಾಗಿ ಮೂಗೆತ್ತುವುದು, ವೇಗ ಬರುವವರೆಗೆ ಕಾಯುವುದು. ಆ ಬಳಿಕ ಅಲ್ಲಿ ಗಂಭೀರ ಅಪಘಾತಗಳು ಗಮನಾರ್ಹವಾಗಿ ತಗ್ಗಿದವು.

ಪ್ರಶ್ನೆ: ಧನ್ಯವಾದ ಸರ್. ವಿಂಚ್ ಅತಿ ವೇಗವಾಗಿ ಎಳೆದರೆ?

ಉತ್ತರ: ಎತ್ತರ ಸಾಕಷ್ಟಿದ್ದರೆ ಮೂಗನ್ನು ತುಸು ಇಳಿಸಿ, ರಡರ್‌ನಿಂದ (ಬಾಲದ ಚುಕ್ಕಾಣಿ) ಮೂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಸಂಕೇತ ಕೊಡಿ. ವಿಂಚ್ ನಡೆಸುವವರು ವೇಗ ತಗ್ಗಿಸದಿದ್ದರೆ ರಿಲೀಸ್ ಮಾಡಿ. ಅವರು ನಿಮ್ಮ ಕ್ಲಬ್ಬಿನಲ್ಲಿ ಯಾವ ಸಂಕೇತಕ್ಕೆ ಒಗ್ಗಿಕೊಂಡಿದ್ದಾರೆಂದು ಇಂದೇ ವಿಂಚ್ ಬಳಿ ಹೋಗಿ ಕೇಳಿಕೊಂಡು ಬನ್ನಿ.